ವ್ಯಾಕರಣ ಕಲಿಯೋಣ, ನಮ್ಮ ಮಾತನ್ನು ನಾವೇ ಬರೆಯೋಣ

ಎಸ್ಸೆಸ್ಸೆಲ್ಸಿ ಮುಗಿಸಿದ ಮಗುವನ್ನು ಪಿಯುಸಿಗೆ ಸೇರಿಸುವಾಗ ನಮ್ಮ ಮನೆಗಳಲ್ಲಿ ಎಲ್ಲವನ್ನೂ ವಿಚಾರಿಸುತ್ತೇವೆ. ಫೀಸು ಎಷ್ಟು, ಕಾಂಬಿನೇಷನ್ ಯಾವುದು, ಟ್ಯೂಷನ್ ಎಲ್ಲಿ, ಬಸ್ ಪಾಸ್ ಹೇಗೆ ಎಂದು ನಾಲ್ಕು ಜನರನ್ನು ಕೇಳುತ್ತೇವೆ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ಈ ಮಗುವಿಗೆ ಒಂದು ವಿಷಯ ಕೊಟ್ಟರೆ ಸ್ವಂತವಾಗಿ ಹತ್ತು ಸಾಲು ಬರೆಯಲು ಬರುತ್ತದೆಯೇ?

ಈ ಪ್ರಶ್ನೆಗೆ ಉತ್ತರ ಸಿಗುವುದು ಅರ್ಧವಾರ್ಷಿಕ ಪರೀಕ್ಷೆಯ ನಂತರ. ಆಗ ವಿಜಯನಗರದ ನಮ್ಮ ಮಸೀದಿಗೆ ತಂದೆ ತಾಯಂದಿರು ಬರುತ್ತಾರೆ. "ಹಜ್ರತ್, ಮಗ ಓದುತ್ತಾನೆ. ಕೇಳಿದರೆ ಬಾಯಲ್ಲಿ ಎಲ್ಲಾ ಹೇಳುತ್ತಾನೆ. ಬರೆಯಲು ಕೂತರೆ ಪೆನ್ನು ಓಡುವುದಿಲ್ಲ. ದುಆ ಮಾಡಿ" ಎನ್ನುತ್ತಾರೆ. ನಾವು ದುಆ ಮಾಡುತ್ತೇವೆ. ಆದರೆ ಮೊದಲು ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಇಲ್ಲಿ ಒಂಟೆಯನ್ನು ಕಟ್ಟುವುದೆಂದರೆ ಆ ಮಗುವಿಗೆ ವಾಕ್ಯ ಕಟ್ಟಲು ಕಲಿಸುವುದು.

ಇದು ಸಣ್ಣ ವಿಷಯವೆಂದು ಭಾವಿಸಬಾರದು. ಪಿಯುಸಿಯ 600 ಅಂಕಗಳಲ್ಲಿ 200 ಅಂಕಗಳು ಎರಡು ಭಾಷೆಗಳವು. ಉಳಿದ ವಿಷಯಗಳಲ್ಲೂ ಇತಿಹಾಸವಾಗಲಿ, ವ್ಯವಹಾರ ಅಧ್ಯಯನವಾಗಲಿ, ಜೀವಶಾಸ್ತ್ರವಾಗಲಿ ಉತ್ತರವನ್ನು ವಾಕ್ಯಗಳಲ್ಲೇ ಬರೆಯಬೇಕು. ವಿಷಯ ಗೊತ್ತಿದ್ದೂ ಬರೆಯಲಾಗದ ಹುಡುಗ "ಓದು ನನ್ನ ಹಣೆಯಲ್ಲಿ ಬರೆದಿಲ್ಲ" ಎಂದು ಮೊದಲ ವರ್ಷಕ್ಕೇ ಗ್ಯಾರೇಜಿಗೋ ಡೆಲಿವರಿ ಕೆಲಸಕ್ಕೋ ಹೋಗುತ್ತಾನೆ. ಹುಡುಗಿಯಾದರೆ "ಸಾಕು, ಇನ್ನು ಮನೆಯಲ್ಲಿರಲಿ" ಎಂಬ ಮಾತು ಬರುತ್ತದೆ. ದುಡಿಮೆಯಲ್ಲಿ ಕೀಳು ಎಂಬುದಿಲ್ಲ. ಆದರೆ ಬುದ್ಧಿ ಇರುವ ಮಗು ಬರವಣಿಗೆಯ ಭಯಕ್ಕೆ ಓದು ಬಿಡುವುದು ದೊಡ್ಡ ನಷ್ಟ. ಈ ಭಯವನ್ನು ಕೆಲವು ತಿಂಗಳ ಅಭ್ಯಾಸದಿಂದ ತೆಗೆಯಬಹುದು ಎಂಬುದೇ ಈ ಲೇಖನದ ಸಾರ.

ದೀನ್ ಮತ್ತು ಬರವಣಿಗೆ

ನಮ್ಮ ಪ್ರವಾದಿಯವರಿಗೆ(ಸ) ಇಳಿದ ಮೊದಲ ವಚನಗಳಲ್ಲೇ ಓದಿನ ಆಜ್ಞೆಯೂ ಲೇಖನಿಯ ಉಲ್ಲೇಖವೂ ಇವೆ. ಒಂದು ಸೂರಃ ಲೇಖನಿಯ ಹೆಸರನ್ನೇ ಹೊಂದಿದೆ. ಕುರ್‌ಆನಿನ ಅತಿ ದೀರ್ಘ ಆಯತ್ ಸೂರಃ ಅಲ್ ಬಕರದ 282ನೆಯದು. ಅದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ಬರೆಯಬಲ್ಲವನು ನ್ಯಾಯದಿಂದ ಬರೆಯಬೇಕು, ಬರೆಯಲು ನಿರಾಕರಿಸಬಾರದು ಎಂಬ ಆದೇಶ ಅದರಲ್ಲಿದೆ. ಹಿಜರಿ 2ರ ಬದ್ರ್ ಯುದ್ಧದ ನಂತರ, ಪರಿಹಾರದ ಹಣವಿಲ್ಲದ ಆದರೆ ಅಕ್ಷರ ಬಲ್ಲ ಕೈದಿಗಳು ಹತ್ತು ಮಕ್ಕಳಿಗೆ ಬರವಣಿಗೆ ಕಲಿಸಿದರೆ ಬಿಡುಗಡೆ ಎಂದು ಪ್ರವಾದಿಯವರು(ಸ) ನಿಶ್ಚಯಿಸಿದರು. ಶತ್ರುವಿನಿಂದಲೂ ಕಲಿಯಬಹುದಾದ ವಿದ್ಯೆ ಅದು.

ಬೇರೆ ಭಾಷೆ ಕಲಿಯುವ ವಿಷಯದಲ್ಲೂ ನಮಗೆ ಮಾದರಿ ಇದೆ. ಪತ್ರ ವ್ಯವಹಾರಕ್ಕಾಗಿ ಯಹೂದಿಯರ ಲಿಪಿಯನ್ನು ಕಲಿಯಲು ಪ್ರವಾದಿಯವರು(ಸ) ಹ. ಝೈದ್ ಬಿನ್ ಸಾಬಿತ್(ರ) ಅವರಿಗೆ ಹೇಳಿದರು. ಆ ಯುವಕ ಅರ್ಧ ತಿಂಗಳು ಕಳೆಯುವುದರೊಳಗೆ ಅದನ್ನು ಕಲಿತರೆಂದು ಹದೀಸಿನಲ್ಲಿದೆ. ಭಾಷೆಗಳ ವೈವಿಧ್ಯವು ಅಲ್ಲಾಹನ ನಿದರ್ಶನಗಳಲ್ಲಿ ಒಂದೆಂದು ಸೂರಃ ಅರ್ರೂಮ್ ಹೇಳುತ್ತದೆ. ಹಾಗಿರುವಾಗ ಕನ್ನಡವನ್ನೋ ಇಂಗ್ಲಿಷನ್ನೋ ಚೆನ್ನಾಗಿ ಕಲಿತರೆ ಮಗು ಉರ್ದು ಮರೆಯುತ್ತದೆ, ದೀನ್‌ನಿಂದ ದೂರವಾಗುತ್ತದೆ ಎಂಬ ಆತಂಕಕ್ಕೆ ಆಧಾರವಿಲ್ಲ.

ವ್ಯಾಕರಣ ಹುಟ್ಟಿದ್ದು ಯಾರಿಗಾಗಿ?

"ವ್ಯಾಕರಣ ಕಷ್ಟ, ಅದು ಆ ಭಾಷೆಯ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಬರುತ್ತದೆ" ಎಂದು ಮಕ್ಕಳು ಹೇಳುವುದುಂಟು. ಇತಿಹಾಸ ಇದಕ್ಕೆ ತದ್ವಿರುದ್ಧವಾಗಿದೆ. ಅರಬಿ ವ್ಯಾಕರಣವಾದ ನಹ್ವ್ ರೂಪುಗೊಂಡದ್ದು ಅರಬಿಯೇತರರು ದೊಡ್ಡ ಸಂಖ್ಯೆಯಲ್ಲಿ ಇಸ್ಲಾಮ್ ಸ್ವೀಕರಿಸಿ, ಕುರ್‌ಆನ್ ಪಠಣದಲ್ಲಿ ತಪ್ಪುಗಳು ಕೇಳಿಬಂದಾಗ. ಹ. ಅಲಿ(ರ) ಅವರ ಸೂಚನೆಯಂತೆ ಅಬುಲ್ ಅಸ್ವದ್ ಅದ್ದುಅಲೀ ಇದಕ್ಕೆ ಅಡಿಪಾಯ ಹಾಕಿದರೆಂಬುದು ನಮ್ಮ ವಿದ್ವಾಂಸರು ಪರಂಪರೆಯಿಂದ ಹೇಳಿಕೊಂಡು ಬಂದ ಮಾತು. ಮುಂದೆ ಆ ಶಾಸ್ತ್ರದ ಮಹಾಗ್ರಂಥವನ್ನು ಬರೆದ ಸೀಬವೈಹಿ ಅರಬರಲ್ಲ, ಪರ್ಷಿಯನ್ ಮೂಲದವರು. ಬಸ್ರಾದಲ್ಲಿ ಪಾಠದ ವೇಳೆ ಗುರುಗಳು ಅವರ ಅರಬಿಯನ್ನು ತಿದ್ದಿದಾಗ, ಇನ್ನು ಯಾರೂ ತಿದ್ದಬೇಕಾಗದಂತೆ ಈ ವಿದ್ಯೆ ಕಲಿಯುತ್ತೇನೆಂದು ಅವರು ಹೊರಟರೆಂದು ಹೇಳುತ್ತಾರೆ. ಇಂದಿಗೂ ಅರಬಿ ವ್ಯಾಕರಣದಲ್ಲಿ ಅವರ ಮಾತೇ ಪ್ರಮಾಣ.

ಕನ್ನಡದಲ್ಲೂ ಹೀಗೆಯೇ. 13ನೇ ಶತಮಾನದಲ್ಲಿ ಕೇಶಿರಾಜ ಬರೆದ 'ಶಬ್ದಮಣಿದರ್ಪಣ'ವನ್ನು 19ನೇ ಶತಮಾನದಲ್ಲಿ ಸಂಪಾದಿಸಿ ಮುದ್ರಿಸಿದವರು ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್. 1894ರಲ್ಲಿ ಪ್ರಕಟವಾದ ಅವರ ಕನ್ನಡ ನಿಘಂಟನ್ನು ಇಂದಿಗೂ ಬಳಸುತ್ತಾರೆ.

ನಮ್ಮ ಸಮುದಾಯದಲ್ಲೇ ನೋಡಿ. ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರಾಗಿದ್ದವರು. ಅವರು 2006ರಲ್ಲಿ ಶಿವಮೊಗ್ಗದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕಾಸರಗೋಡಿನ ಸಾರಾ ಅಬೂಬಕ್ಕರ್ ಕನ್ನಡ ಶಾಲೆಯಲ್ಲಿ ಓದಿ ಕನ್ನಡದ ಕಾದಂಬರಿಕಾರರಾದರು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡಾಗ, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತು ಹಾಕಿದ್ದರಂತೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಅವರ ಕತೆಗಳ ಎಲ್ಲಾ ಅಭಿಪ್ರಾಯಗಳನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಮನೆಮಾತು ಬೇರೆಯಾದ ಮಗು ಈ ಭಾಷೆಯಲ್ಲಿ ಎಷ್ಟು ದೂರ ಹೋಗಬಹುದೆಂಬುದಕ್ಕೆ ಇವರೆಲ್ಲ ಸಾಕ್ಷಿ.

ನಮ್ಮ ಮಕ್ಕಳು ತಪ್ಪುವುದು ಎಲ್ಲಿ?

ಮನೆಯಲ್ಲಿ ದಖನಿ ಮಾತನಾಡುವ ಮಕ್ಕಳು ಕನ್ನಡದಲ್ಲಿ ಮಾಡುವ ತಪ್ಪುಗಳು ನೂರಾರು ಅಲ್ಲ. ಹೆಚ್ಚಿನವು ನಾಲ್ಕೈದು ಜಾಗಗಳಲ್ಲಿ ಆಗುತ್ತವೆ. ಜಾಗ ಗೊತ್ತಾದರೆ ತಿದ್ದುವುದು ಸುಲಭ.

ಮೊದಲನೆಯದು ಅಕ್ಷರ. ಉರ್ದುವಿನಲ್ಲಿ ಳ ಮತ್ತು ಣ ಪ್ರತ್ಯೇಕ ಅಕ್ಷರಗಳಾಗಿಲ್ಲ. ಹಾಗಾಗಿ ಹಳ್ಳಿ ಹೋಗಿ ಹಲ್ಲಿ ಆಗುತ್ತದೆ, ಬೆಳೆ ಹೋಗಿ ಬೆಲೆ ಆಗುತ್ತದೆ, ಹಣ ಹೋಗಿ ಹನ ಆಗುತ್ತದೆ. ಎ ಮತ್ತು ಏ, ಒ ಮತ್ತು ಓ ಎಂಬ ಹ್ರಸ್ವ ದೀರ್ಘಗಳ ವ್ಯತ್ಯಾಸವೂ ಹಾಗೆಯೇ. ಕೊಡು ಎಂದರೆ ನೀಡು, ಕೋಡು ಎಂದರೆ ಕೊಂಬು. ನಮ್ಮ ಮಕ್ಕಳಿಗೆ ಈ ಎಚ್ಚರ ಹೊಸದೇನಲ್ಲ. ದೊಡ್ಡ ಕಾಫ್‌ನಿಂದ ಹೇಳಿದರೆ ಹೃದಯ, ಸಣ್ಣ ಕಾಫ್‌ನಿಂದ ಹೇಳಿದರೆ ನಾಯಿ ಎಂಬ ಅರಬಿ ಪದಗಳ ವ್ಯತ್ಯಾಸವನ್ನು ಅವರು ತಜ್ವೀದ್ ಪಾಠದಲ್ಲಿ ಕಲಿತಿದ್ದಾರೆ. ಮಖ್ರಜ್‌ಗೆ ಕೊಡುವ ಗಮನವನ್ನೇ ಕನ್ನಡದ ಳ, ಣಗಳಿಗೂ ಕೊಟ್ಟರೆ ಸಾಕು.

ಎರಡನೆಯದು ಲಿಂಗ ಮತ್ತು ಕ್ರಿಯಾಪದ. ಉರ್ದುವಿನಲ್ಲಿ ಕಿತಾಬ್ ಸ್ತ್ರೀಲಿಂಗ, ಕಾಗಜ್ ಪುಲ್ಲಿಂಗ. ಕನ್ನಡದಲ್ಲಿ ವಸ್ತುಗಳೆಲ್ಲ ನಪುಂಸಕಲಿಂಗ. ಈ ಲೆಕ್ಕದಲ್ಲಿ ಕನ್ನಡವೇ ಸುಲಭ. ಆದರೆ "ಬಂತು" ಎಂಬ ಒಂದೇ ರೂಪವನ್ನು ಎಲ್ಲರಿಗೂ ಬಳಸಿ "ಅಮ್ಮಿ ಬಂತು, ಟೀಚರ್ ಬಂತು" ಎಂದು ಬರೆಯುವುದು ತಪ್ಪು. ಬಸ್ ಬಂದಿತು, ತಂಗಿ ಬಂದಳು, ತಮ್ಮ ಬಂದನು, ಅಮ್ಮಿ ಬಂದರು. ಮದ್ರಸಾದಲ್ಲಿ ಅರಬಿ ಕಲಿಯುವ ಮಕ್ಕಳು ಒಂದು ಕ್ರಿಯಾಪದದ 14 ರೂಪಗಳ ಗರ್ದಾನ್ ಹೇಳುತ್ತಾರೆ. ಕನ್ನಡದಲ್ಲಿ ಒಂಬತ್ತು ಸಾಕು: ನಾನು ಹೋದೆನು, ನಾವು ಹೋದೆವು, ನೀನು ಹೋದೆ, ನೀವು ಹೋದಿರಿ, ಅವನು ಹೋದನು, ಅವಳು ಹೋದಳು, ಅವರು ಹೋದರು, ಅದು ಹೋಯಿತು, ಅವು ಹೋದವು. ದಿನಕ್ಕೊಂದು ಕ್ರಿಯಾಪದದಂತೆ ಒಂದು ತಿಂಗಳು ಈ ಗರ್ದಾನ್ ಹೇಳಲಿ.

ಮೂರನೆಯದು ವಿಭಕ್ತಿ. ದಖನಿಯಲ್ಲಿ ಕು, ಸೇ, ಮೇಂ, ಕಾ ಎಂಬವು ಪದದಿಂದ ಬೇರೆಯಾಗಿ ನಿಲ್ಲುತ್ತವೆ. ಅದೇ ಅಭ್ಯಾಸದಿಂದ ಮಕ್ಕಳು "ಶಾಲೆ ಗೆ", "ಮನೆ ಇಂದ" ಎಂದು ಬಿಡಿಸಿ ಬರೆಯುತ್ತಾರೆ. ಕನ್ನಡದಲ್ಲಿ ಪ್ರತ್ಯಯ ಪದಕ್ಕೆ ಅಂಟಿಕೊಳ್ಳುತ್ತದೆ: ಮನೆಯನ್ನು, ಮನೆಯಿಂದ, ಮನೆಗೆ, ಮನೆಯ, ಮನೆಯಲ್ಲಿ. ಪದದ ಕೊನೆ ಬದಲಾದರೆ ವಾಕ್ಯದಲ್ಲಿ ಅದರ ಕೆಲಸ ಬದಲಾಗುತ್ತದೆ. ಅಲ್ಲಾಹು ಅಕ್ಬರ್, ಇನ್ನಲ್ಲಾಹ, ಬಿಸ್ಮಿಲ್ಲಾಹಿ ಎಂದು ಹೇಳುವಾಗ ಅದೇ ಪವಿತ್ರ ನಾಮದ ಕೊನೆಯ ಸ್ವರ ಉ, ಅ, ಇ ಎಂದು ಬದಲಾಗುವುದನ್ನು ನಾವು ದಿನವೂ ಕೇಳುತ್ತೇವೆ. ಅರಬಿಯ ಇಅರಾಬ್ ಮಾಡುವ ಕೆಲಸವನ್ನು ಕನ್ನಡದಲ್ಲಿ ವಿಭಕ್ತಿ ಮಾಡುತ್ತದೆ.

ನಾಲ್ಕನೆಯದು ಆಡುಮಾತು. "ಬತ್ತೀನಿ", "ಹೋಗ್ಬೇಕು" ಎಂಬುದು ಬೀದಿಯಲ್ಲಿ ಸರಿ, ಉತ್ತರ ಪತ್ರಿಕೆಯಲ್ಲಿ "ಬರುತ್ತೇನೆ", "ಹೋಗಬೇಕು" ಆಗಬೇಕು. ಇದು ಕನ್ನಡ ಮನೆಮಾತಿನ ಮಕ್ಕಳಿಗೂ ಇರುವ ಕಷ್ಟ. ಬರಹದ ಕನ್ನಡವನ್ನು ಎಲ್ಲರೂ ಕಲಿತೇ ಪಡೆಯಬೇಕು.

ಸಮಾಧಾನದ ಸಂಗತಿಯೂ ಇದೆ. ವಾಕ್ಯ ಕಟ್ಟುವ ಕ್ರಮದಲ್ಲಿ ದಖನಿ ಕನ್ನಡಕ್ಕೆ ಬಹಳ ಹತ್ತಿರ. "ಮೇರೆಕು ಭೂಕ್ ಲಗೀ" ಎನ್ನುವ ಮಗುವಿಗೆ "ನನಗೆ ಹಸಿವಾಗಿದೆ" ಎಂಬ ರಚನೆ ಅಪರಿಚಿತವಲ್ಲ. "ಉನೆ ಕಲ್ ಆತೂಂ ಬೋಲ್ಕೆ ಬೋಲ್ಯಾ" ಎಂಬುದರಲ್ಲಿರುವ "ಬೋಲ್ಕೆ", "ಅವನು ನಾಳೆ ಬರುತ್ತೇನೆ ಎಂದು ಹೇಳಿದನು" ಎಂಬುದರ "ಎಂದು". ಶತಮಾನಗಳ ನೆರೆಹೊರೆಯಲ್ಲಿ ನಮ್ಮ ಮನೆಮಾತು ದಕ್ಷಿಣದ ಭಾಷೆಗಳ ಅಚ್ಚಿನಲ್ಲೇ ಎರಕಗೊಂಡಿದೆ.

ಉರ್ದು ಮಾಧ್ಯಮದಿಂದ ಬಂದ ಮಕ್ಕಳಿಗೆ ಪಾರಿಭಾಷಿಕ ಪದಗಳೇ ಹೆದರಿಕೆ ಹುಟ್ಟಿಸುತ್ತವೆ. ಅವರಿಗೆ ಹೀಗೆ ಹೇಳಿಕೊಡಿ: ಇಸ್ಮ್ ಎಂದರೆ ನಾಮಪದ, ಫಿಅಲ್ ಎಂದರೆ ಕ್ರಿಯಾಪದ, ಫಾಇಲ್ ಎಂದರೆ ಕರ್ತೃ, ಮಫ್‌ಊಲ್ ಎಂದರೆ ಕರ್ಮ. ಹೆಸರು ಬೇರೆ, ವಸ್ತು ಒಂದೇ.

ಇಂಗ್ಲಿಷಿನಲ್ಲಿ ಮಾತ್ರ ಕ್ರಮ ಬದಲಾಗುತ್ತದೆ. ನಮ್ಮ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿ ಕರ್ತೃವಿನ ನಂತರವೇ ಬರುತ್ತದೆ. ಮಕ್ಕಳು ಮೂರು ಪ್ರಶ್ನೆಗಳಿಂದ ತಮ್ಮ ವಾಕ್ಯವನ್ನು ಪರೀಕ್ಷಿಸಲಿ. ಕ್ರಿಯಾಪದ ಇದೆಯೇ? "ಅವನು ವೈದ್ಯ" ಎಂದು ಕನ್ನಡದಲ್ಲೂ ಅರಬಿಯಲ್ಲೂ ಕ್ರಿಯಾಪದವಿಲ್ಲದೆ ಹೇಳಬಹುದು, ಇಂಗ್ಲಿಷಿನಲ್ಲಿ "ಹಿ ಈಸ್ ಎ ಡಾಕ್ಟರ್" ಎಂದು "ಈಸ್" ಬರಲೇಬೇಕು. ಕರ್ತೃವಿಗೆ ಹೊಂದಿದೆಯೇ? "ಐ ಗೋ" ಸರಿ, ಆದರೆ "ಹಿ ಗೋಸ್". ಕಾಲ ಒಂದೇ ಆಗಿದೆಯೇ? ನಡೆದುಹೋದ ಘಟನೆಯನ್ನು ಭೂತಕಾಲದಲ್ಲಿ ಆರಂಭಿಸಿದ ಮೇಲೆ ನಡುವೆ ಕಾರಣವಿಲ್ಲದೆ ವರ್ತಮಾನಕ್ಕೆ ಜಾರಬಾರದು.

ಪ್ಯಾರಾ ಎಂದರೇನು?

ವಾಕ್ಯಗಳು ಸರಿಯಾದ ಮೇಲೆ ಅವುಗಳನ್ನು ಪ್ಯಾರಾ ಮಾಡುವುದು ಮುಂದಿನ ಕೆಲಸ. ಒಂದು ಪ್ಯಾರಾದಲ್ಲಿ ಒಂದೇ ವಿಷಯ ಇರಬೇಕು. ಪರೀಕ್ಷೆಯಲ್ಲಿ "ನೀರಿನ ಮಿತಬಳಕೆ" ಎಂಬ ವಿಷಯ ಬಂದರೆ ಹಲವರು ಹೀಗೆ ಬರೆಯುತ್ತಾರೆ:

"ನೀರು ಬಹಳ ಮುಖ್ಯ. ನೀರಿಲ್ಲದೆ ಬದುಕಲು ಆಗುವುದಿಲ್ಲ. ಬೆಂಗಳೂರು ದೊಡ್ಡ ನಗರ. ಇಲ್ಲಿ ಟ್ರಾಫಿಕ್ ಜಾಸ್ತಿ. ಮರಗಳನ್ನು ಬೆಳೆಸಬೇಕು. ಪ್ಲಾಸ್ಟಿಕ್ ಬಳಸಬಾರದು. ಆದ್ದರಿಂದ ನೀರು ಉಳಿಸಬೇಕು."

ಇಲ್ಲಿ ಒಂದೂ ವ್ಯಾಕರಣದ ತಪ್ಪಿಲ್ಲ. ಆದರೂ ಅಂಕ ಸಿಗುವುದಿಲ್ಲ. ಮಣಿಗಳಿವೆ, ತಸ್ಬೀಹ್‌ನ ದಾರವಿಲ್ಲ. ಟ್ರಾಫಿಕ್ಕಿಗೂ ನೀರಿಗೂ ಸಂಬಂಧವಿಲ್ಲ. "ಆದ್ದರಿಂದ" ಎಂಬ ಪದ ಇದೆ, ಅದಕ್ಕೆ ಮುಂಚೆ ಕಾರಣ ಇಲ್ಲ. ಅದೇ ಮಗು ಹೀಗೆ ಬರೆಯಬಹುದು:

"ಬೆಂಗಳೂರಿನಲ್ಲಿ ನೀರನ್ನು ಅಳತೆಯಿಂದ ಬಳಸುವುದು ಪ್ರತಿ ಮನೆಯ ಕರ್ತವ್ಯ. ಏಕೆಂದರೆ ನಮ್ಮ ನಲ್ಲಿಗೆ ಬರುವ ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ಎತ್ತರಕ್ಕೆ ತರಲಾಗುತ್ತದೆ. ಇದಕ್ಕೆ ಬಹಳ ವಿದ್ಯುತ್ ಮತ್ತು ಹಣ ಖರ್ಚಾಗುತ್ತದೆ. ಆದರೂ ಪಾತ್ರೆ ತೊಳೆಯುವಾಗ ಮತ್ತು ವುಝೂ ಮಾಡುವಾಗ ನಾವು ನಲ್ಲಿಯನ್ನು ತೆರೆದೇ ಬಿಡುತ್ತೇವೆ. ಉದಾಹರಣೆಗೆ, ವುಝೂವಿಗೆ ಒಂದು ಚೊಂಬು ನೀರು ಸಾಕು. ತೆರೆದ ನಲ್ಲಿಯಿಂದ ಅದರ ಹಲವು ಪಟ್ಟು ನೀರು ಚರಂಡಿಗೆ ಹೋಗುತ್ತದೆ. ಆದ್ದರಿಂದ ನಲ್ಲಿ ನಿಲ್ಲಿಸುವ ಅಭ್ಯಾಸವನ್ನು ಮನೆಯಿಂದಲೇ ಆರಂಭಿಸಬೇಕು."

ಎರಡನ್ನೂ ಹೋಲಿಸಿ ನೋಡಿ. ಎರಡನೆಯದರಲ್ಲಿ ದೊಡ್ಡ ಪದಗಳಿಲ್ಲ, ಉದ್ದ ವಾಕ್ಯಗಳಿಲ್ಲ. ಮೊದಲ ವಾಕ್ಯ ಮುಖ್ಯ ಮಾತನ್ನು ಹೇಳುತ್ತದೆ. ಎರಡನೆಯದು ಮತ್ತು ಮೂರನೆಯದು ಕಾರಣ ಕೊಡುತ್ತವೆ. ನಾಲ್ಕನೆಯದು ಸಮಸ್ಯೆ ತೋರಿಸುತ್ತದೆ. ನಂತರ ಉದಾಹರಣೆ, ಕೊನೆಗೆ ತೀರ್ಮಾನ. ಏಕೆಂದರೆ, ಆದರೂ, ಉದಾಹರಣೆಗೆ, ಆದ್ದರಿಂದ ಎಂಬ ನಾಲ್ಕು ಪದಗಳು ದಾರದಂತೆ ವಾಕ್ಯಗಳನ್ನು ಪೋಣಿಸಿವೆ. ಇಂಗ್ಲಿಷಿನಲ್ಲೂ ಬಿಕಾಸ್, ಬಟ್, ಫಾರ್ ಎಕ್ಸಾಂಪಲ್, ದೇರ್‌ಫೋರ್ ಎಂಬವು ಇದೇ ಕೆಲಸ ಮಾಡುತ್ತವೆ.

ಈ ಕ್ರಮವನ್ನು ನಮ್ಮ ಮಕ್ಕಳು ವಾರಕ್ಕೊಮ್ಮೆ ಮಸೀದಿಯಲ್ಲಿ ಕೇಳುತ್ತಲೇ ಇದ್ದಾರೆ. ಖುತ್ಬಾದಲ್ಲಿ ಹಮ್ದ್ ಮತ್ತು ಸಲಾತ್ ಆದ ಮೇಲೆ ಖತೀಬರು "ಅಮ್ಮಾ ಬಅದ್" ಎನ್ನುತ್ತಾರೆ. ಪೀಠಿಕೆ ಮುಗಿಯಿತು, ಈಗ ವಿಷಯ ಎಂಬುದು ಅದರ ಅರ್ಥ. ನಂತರ ಒಂದು ವಿಷಯ, ಅದಕ್ಕೆ ಕುರ್‌ಆನ್ ಹದೀಸ್‌ಗಳ ಆಧಾರ, ಜೀವನದ ಉದಾಹರಣೆ, ಕೊನೆಗೆ ನಸೀಹತ್. ಬರೆಯಲು ಕೂತು ತೋಚದಿದ್ದಾಗ ಮಗು ತನ್ನನ್ನೇ ಕೇಳಿಕೊಳ್ಳಲಿ: "ಅಮ್ಮಾ ಬಅದ್, ನಾನು ಹೇಳಬೇಕಾದ ಒಂದು ಮಾತು ಯಾವುದು?" ಆ ಉತ್ತರವೇ ಪ್ಯಾರಾದ ಮೊದಲ ವಾಕ್ಯ. ನಮಾಝನ್ನು ದೀರ್ಘವಾಗಿಯೂ ಖುತ್ಬಾವನ್ನು ಚಿಕ್ಕದಾಗಿಯೂ ಮಾಡುವುದು ತಿಳಿವಳಿಕೆಯ ಲಕ್ಷಣವೆಂದು ಪ್ರವಾದಿಯವರು(ಸ) ಹೇಳಿದ್ದಾರೆ. ಚಿಕ್ಕದಾಗಿ ಹೇಳುವ ಆ ಗುಣ ಉತ್ತರ ಪತ್ರಿಕೆಗೂ ಬೇಕು.

ಮನೆಯಲ್ಲಿ ಮಾಡಬಹುದಾದ ಕೆಲಸ

ನಾವು ಪ್ರತಿ ಮನೆಗೂ ಒಂದು ಅಭ್ಯಾಸವನ್ನು ಸೂಚಿಸುತ್ತೇವೆ. ಜುಮಾ ದಿನ ಅಸ್ರ್ ಅಥವಾ ಮಗ್ರಿಬ್ ನಂತರ ಕಾಲೇಜಿನ ಮಗು ಅಂದಿನ ಖುತ್ಬಾದ ಸಾರವನ್ನು ಆರರಿಂದ ಎಂಟು ವಾಕ್ಯಗಳ ಒಂದು ಪ್ಯಾರಾದಲ್ಲಿ ಬರೆಯಲಿ. ಖುತ್ಬಾದ ಸಮಯದಲ್ಲಿ ಬರೆಯಬಾರದು, ಆಗ ಮೌನವಾಗಿ ಆಲಿಸಬೇಕು. ಕೇಳಿದ್ದನ್ನು ನೆನಪಿನಿಂದ ಬರೆಯುವುದೇ ಒಳ್ಳೆಯ ಅಭ್ಯಾಸ. ಮಸೀದಿಗೆ ಹೋಗದ ಹೆಣ್ಣುಮಕ್ಕಳಿಗೆ ಅಬ್ಬಾ ಅಥವಾ ಭಾಯಿ ಮನೆಗೆ ಬಂದು ಖುತ್ಬಾದ ವಿಷಯ ಹೇಳಲಿ, ಅವರು ಕೇಳಿ ಬರೆಯಲಿ. ಇದರಿಂದ ಹೇಳುವವರ ಗಮನವೂ ಹೆಚ್ಚುತ್ತದೆ. ಖುತ್ಬಾದಲ್ಲಿ ಏನು ಕೇಳಿದಿರೆಂದು ಮನೆಯಲ್ಲಿ ಪ್ರಶ್ನೆ ಬರುತ್ತದೆ ಎಂದು ಗೊತ್ತಿದ್ದರೆ ಯಾರೂ ತೂಕಡಿಸುವುದಿಲ್ಲ!

ವರ್ಷಕ್ಕೆ ಸುಮಾರು 52 ಜುಮಾ. ಪಿಯುಸಿಯ ಎರಡು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಪ್ಯಾರಾಗಳಾಗುತ್ತವೆ. ಒಂದು ವಾರ ಕನ್ನಡ, ಒಂದು ವಾರ ಇಂಗ್ಲಿಷ್ ಎಂದು ಇಟ್ಟುಕೊಳ್ಳಬಹುದು. ಬರೆದ ಮೇಲೆ ಗಟ್ಟಿಯಾಗಿ ಓದಲಿ, ಅರ್ಧ ತಪ್ಪುಗಳು ಕಿವಿಗೇ ಗೊತ್ತಾಗುತ್ತವೆ. ಆಮೇಲೆ ಮೇಲೆ ಹೇಳಿದ ನಾಲ್ಕು ಜಾಗಗಳನ್ನು ಒಂದೊಂದಾಗಿ ನೋಡಲಿ: ಅಕ್ಷರ, ಕ್ರಿಯಾಪದ, ವಿಭಕ್ತಿ, ಆಡುಮಾತು. ಉಳಿದದ್ದನ್ನು ಕಾಲೇಜಿನ ಭಾಷಾ ಉಪನ್ಯಾಸಕರಿಗೆ ತೋರಿಸಲಿ. ಆಸಕ್ತಿಯಿಂದ ಬರೆದುಕೊಂಡು ಬಂದ ವಿದ್ಯಾರ್ಥಿಯನ್ನು ತಿದ್ದದೆ ಕಳಿಸುವ ಗುರುಗಳು ಅಪರೂಪ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯ ನಮಗೆ ಹತ್ತಿರವೇ ಇದೆ. ಭಾನುವಾರ ಒಂದು ಗಂಟೆ ಅಲ್ಲಿ ಕೂತು ಪತ್ರಿಕೆಯ ಒಂದು ಲೇಖನ ಓದಿ, ಪ್ರತಿ ಪ್ಯಾರಾದ ಮುಖ್ಯ ವಾಕ್ಯ ಯಾವುದೆಂದು ಹುಡುಕಲಿ.

ಮಗು ಬರೆದದ್ದನ್ನು ನೋಡಿ ನಗಬೇಡಿ. ಓದು ಬಾರದ ಅಮ್ಮಿಯೂ ಸಹಾಯ ಮಾಡಬಲ್ಲರು. "ನೀನು ಬರೆದದ್ದನ್ನು ನನಗೆ ಓದಿ ಹೇಳು" ಎಂದು ಕೇಳಿದರೆ ಸಾಕು. ಕೇಳಿದವರಿಗೆ ಅರ್ಥವಾಗದ ಜಾಗದಲ್ಲಿ ಬರಹದಲ್ಲೂ ಏನೋ ಕೊರತೆ ಇರುತ್ತದೆ.

ಉರು ಹೊಡೆಯುವ ಬಗ್ಗೆ ಒಂದು ಮಾತು. ನಮ್ಮ ಮಕ್ಕಳ ಸ್ಮರಣಶಕ್ತಿ ಅಲ್ಲಾಹನ ಕೊಡುಗೆ. ಕುರ್‌ಆನನ್ನು ಅಕ್ಷರ ತಪ್ಪದೆ ಕಂಠಪಾಠ ಮಾಡಬೇಕು, ಏಕೆಂದರೆ ಅದು ಅಲ್ಲಾಹನ ಮಾತು. ಗೈಡಿನ ಪ್ರಬಂಧಕ್ಕೆ ಆ ಸ್ಥಾನವಿಲ್ಲ. ಪ್ರಶ್ನೆ ಸ್ವಲ್ಪ ತಿರುಗಿದರೆ ಉರು ಹೊಡೆದದ್ದು ಕೈಕೊಡುತ್ತದೆ. ಇನ್ನು ಮೊಬೈಲಿನಿಂದ ಇಳಿಸಿದ ಬರಹವನ್ನು ತನ್ನದೆಂದು ಅಸೈನ್‌ಮೆಂಟ್ ಕೊಡುವುದು ಅಮಾನತ್‌ಗೆ ದ್ರೋಹ. ಅದರಿಂದ ಮಗು ಕಲಿಯುವುದೂ ಇಲ್ಲ.

ಅಂಕಗಳ ಆಚೆಗೂ

ಪಿಯುಸಿಯ ಅಂಕ ಕೆಲವು ವರ್ಷಗಳ ಮಾತು. ಬರೆಯುವ ಶಕ್ತಿ ಜೀವನದುದ್ದಕ್ಕೂ ಬೇಕಾಗುತ್ತದೆ. ರೇಷನ್ ಕಾರ್ಡಿನ ಅರ್ಜಿ, ಅಂಕಪಟ್ಟಿಯಲ್ಲಿ ಹೆಸರಿನ ತಿದ್ದುಪಡಿ, ಸ್ಕಾಲರ್‌ಶಿಪ್‌ನ ಮನವಿ, ಪೊಲೀಸ್ ಠಾಣೆಗೆ ದೂರು, ಮಾಹಿತಿ ಹಕ್ಕಿನ ಅರ್ಜಿ, ಎಲ್ಲವೂ ಬರಹದಲ್ಲೇ ಆಗಬೇಕು. ಸ್ವಂತ ಕಷ್ಟವನ್ನು ಬರೆಯಲಾಗದವನು ಮಧ್ಯವರ್ತಿಯ ಬಾಗಿಲಿಗೆ ಹೋಗುತ್ತಾನೆ, ಹಣ ಕೊಟ್ಟು ಬರೆಸುತ್ತಾನೆ, ಅದರಲ್ಲಿ ಏನಿದೆ ಎಂದು ತಿಳಿಯದೆ ಸಹಿ ಹಾಕುತ್ತಾನೆ. ಕೆಪಿಎಸ್‌ಸಿಯ ಕೆಎಎಸ್ ಪರೀಕ್ಷೆ ಬರೆಯುವ ಕನಸಿದ್ದರೆ ಅಲ್ಲಿ ಕನ್ನಡ ಪತ್ರಿಕೆ ಕಡ್ಡಾಯ. ಒಂದು ಮನೆಯಲ್ಲಿ ಒಬ್ಬ ಮಗ ಅಥವಾ ಒಬ್ಬಳು ಮಗಳು ಸರಿಯಾಗಿ ಬರೆಯಬಲ್ಲವರಾದರೆ ಇಡೀ ಬೀದಿಗೆ ಆಸರೆ. ಬರೆಯಬಲ್ಲವನು ನಿರಾಕರಿಸಬಾರದು ಎಂಬ ಕುರ್‌ಆನಿನ ಆದೇಶವನ್ನು ಪಾಲಿಸಲು ಮೊದಲು ಬರೆಯಬಲ್ಲವರು ಇರಬೇಕಲ್ಲವೇ?

ಹ. ಮೂಸಾ(ಅ) ಫಿರ್‌ಔನನ ಬಳಿಗೆ ಹೊರಡುವಾಗ ತಮ್ಮ ನಾಲಿಗೆಯ ಗಂಟನ್ನು ಬಿಚ್ಚಲು, ಜನರಿಗೆ ತಮ್ಮ ಮಾತು ಅರ್ಥವಾಗಲು ಅಲ್ಲಾಹನಲ್ಲಿ ಬೇಡಿದರು. ತಮಗಿಂತ ಸ್ಫುಟವಾಗಿ ಮಾತನಾಡುವ ಸಹೋದರ ಹ. ಹಾರೂನ್(ಅ) ಅವರನ್ನು ಜೊತೆಗೆ ಕೇಳಿದರು. ಸತ್ಯ ಇದ್ದರೂ ಅದನ್ನು ಸ್ಪಷ್ಟವಾಗಿ ತಲುಪಿಸುವ ಭಾಷೆ ಬೇಕೆಂಬುದಕ್ಕೆ ಇದಕ್ಕಿಂತ ಪಾಠ ಬೇಕಿಲ್ಲ. ಮಕ್ಕಳು ಬರೆಯಲು ಕೂರುವ ಮುನ್ನ ಆ ದುಆ ಓದಲಿ. ಈ ಶುಕ್ರವಾರವೇ ಮೊದಲ ಪ್ಯಾರಾ ಬರೆಯಲಿ.

ಅಲ್ಲಾಹನು ನಮ್ಮ ಮಕ್ಕಳ ನಾಲಿಗೆಯ ಗಂಟನ್ನೂ ಲೇಖನಿಯ ಗಂಟನ್ನೂ ಬಿಚ್ಚಲಿ, ಅವರ ಇಲ್ಮ್‌ನಲ್ಲಿ ಬರಕತ್ ನೀಡಲಿ. ಆಮೀನ್.